ಕಿನುಯೊ ಒತ್ತಿದ ಮೊಹರು

ಜಪಾನಿನ ಕಿರ್ಯೂ ಪಟ್ಟಣದಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದ ಕಿನುಯೊ ಯಾರನ್ನೂ ನಂಬಿದವಳಲ್ಲ. ಮನೆಯ ಹೆಂಚು ಬದಲಿಸಲು ಬಂದ ಗುತ್ತಿಗೆದಾರ ನಾಗಮಿನೆ, ಗದ್ದಲಕ್ಕೆ ಮೊದಲೇ ಕ್ಷಮೆ ಕೇಳಿ ಅಲ್ಲಿನ ರೂಢಿಯಂತೆ ನೆರೆಯವರಿಗೆಲ್ಲ ಟವೆಲ್ ಹಂಚಿದ್ದೂ ಅವಳಿಗೆ ಗುಮಾನಿಯೇ. ಇಷ್ಟು ವಿನಯ ಇರುವವನು ಏನೋ ಲಪಟಾಯಿಸಲು ಬಂದಿದ್ದಾನೆ ಎಂಬುದು ಅವಳ ಲೆಕ್ಕ.

"ಬಾಯಿಮಾತು ಬೇಡ. ಇಬ್ಬರೂ ಆಡಿದ್ದನ್ನೆಲ್ಲ ಪುಸ್ತಕದಲ್ಲಿ ಬರೀರಿ. ದಿನಾ ಸಂಜೆ ಓದಿ, ಸಹಿ ಬದಲು ನನ್ನ ಹೆಸರಿನ ಮೊಹರು ಒತ್ತುತ್ತೀನಿ."

"ಆಗ್ಲಿ ಅಮ್ಮಾ, ನನಗೂ ಮರೆವು ಜಾಸ್ತಿ."

ಅವಳು ಅಂಗಳದಲ್ಲಿ ಸ್ಟೂಲ್ ಹಾಕಿಕೊಂಡು ಕಾವಲು ಕೂತಳು. ನಾಗಮಿನೆ ಹಳೆಯ ಹೆಂಚನ್ನು ಲಾರಿಗೆ ತುಂಬಲು ಹೊರಟಾಗ, ಮಾರಿಕೊಳ್ಳುತ್ತಾನೆಂದು ತಡೆದಳು.

"ಅಲ್ಲೇ ಕಾಂಪೌಂಡ್ ಗೋಡೆ ಮೇಲೆ ಪೇರಿಸಿ. ನನ್ನ ಕಣ್ಣಿಗೆ ಕಾಣ್ತಿರ್ಲಿ."

"ಗಾಳಿಗೆ ಬೀಳುತ್ತೆ ಅಮ್ಮಾ."

"ಹೇಳಿದಷ್ಟು ಮಾಡಿ."

ಮೂರನೆಯ ದಿನ ಗಾಳಿ ಎದ್ದು, ಹೆಂಚೆಲ್ಲ ಪಕ್ಕದ ಮನೆಯ ಒಗಿನೊನ ಸ್ಕೂಟರ್ ಮೇಲೆ ಬಿತ್ತು. ಅವನು ಜಗಳಕ್ಕೆ ಬಂದಾಗ ಕಿನುಯೊ ತಯಾರಾಗಿದ್ದಳು. ಕಾನೂನು ಏನೆಂದು ನಗರಸಭೆಯಲ್ಲಿ ಮೊದಲೇ ವಿಚಾರಿಸಿಕೊಂಡಿದ್ದಳು.

"ಗುತ್ತಿಗೆದಾರನ ತಪ್ಪಿಗೆ ಮನೆಯವರು ಹೊಣೆ ಅಲ್ಲ. ಇವರನ್ನೇ ಕೇಳಿ."

"ಮನೆಯವರೇ ಹಾಗೆ ಮಾಡಿ ಅಂದಿದ್ರೆ?" ಒಗಿನೊ ಕೇಳಿದ.

"ಅಂದಿದ್ದಕ್ಕೆ ಸಾಕ್ಷಿ ಎಲ್ಲಿದೆ?"

ನಾಗಮಿನೆ ಪುಸ್ತಕ ತೆರೆದು ಒಗಿನೊನ ಕೈಗಿತ್ತ. 'ಗೋಡೆ ಮೇಲೆ ಪೇರಿಸಲು ಹೇಳಿದರು. ಬೀಳುತ್ತದೆ ಎಂದೆ. ಹೇಳಿದಷ್ಟು ಮಾಡಿ ಎಂದರು.' ಅದರ ಕೆಳಗೆ ಕಿನುಯೊಳ ಕೆಂಪು ಮೊಹರು ಇತ್ತು. ಸರಿಯಾಗಿ ಮೂಡಿತೋ ಇಲ್ಲವೋ ಎಂಬ ಅನುಮಾನಕ್ಕೆ ಎರಡು ಸಲ ಒತ್ತಿದ್ದಳು.