ಮೇಣದ ಹಲ್ಲು

ನಮ್ಮ ಹಲ್ಲಕ್ಕ ನಕ್ಕರೆ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತಿತ್ತು. ಅವಳ ಹಲ್ಲಿಗೇನೂ ಆಗಿಲ್ಲ, ಪೋಣಿಸಿಟ್ಟ ಹಾಗಿವೆ. ಅದು ತಾಯಿಯಿಂದ ಬಂದ ಅಭ್ಯಾಸ. ಆ ತಾಯಿಗೆ ಮುಂದಿನ ಹಲ್ಲುಗಳಿರಲಿಲ್ಲ. ಬಾಗಿಲು ತೆಗೆಯುವುದು ತಡವಾಯಿತೆಂದು ಗಂಡ ಮಹಾಶಯ ಕೈಯಲ್ಲಿದ್ದ ಬೀಗದಿಂದಲೇ ಹೊಡೆದು ಉದುರಿಸಿದ್ದ. "ಬಚ್ಚಲಲ್ಲಿ ಜಾರಿಬಿದ್ದಳು" ಎಂದು ಕಥೆ ಕಟ್ಟಿದ. ಅವನಕ್ಕ ಅದನ್ನು ನೆಂಟರ ಮನೆಮನೆಗೂ ಹಂಚಿದಳು. ಸಾಯುವವರೆಗೂ ತಾಯಿ ಅದನ್ನೇ ಹೇಳಿದಳು. ಪಾಪ, ಹೇಳದೆ ಎಲ್ಲಿಗೆ ಹೋಗುತ್ತಾಳೆ?

ತಾಯಿಗೆ ಕಟ್ಟಿಕೊಡಬೇಕೆಂದೇ ಮಗಳು ಹಲ್ಲುಸೆಟ್ಟಿನ ಕೆಲಸ ಕಲಿತಳು. ಕಲಿಯುವಷ್ಟರಲ್ಲಿ ತಾಯಿಯೇ ಇಲ್ಲ. ನಾನು ಅದೇ ದವಾಖಾನೆಯಲ್ಲಿ ಚೀಟಿ ಬರೆಯುವವಳು. ಡಾಕ್ಟರು ಬಾಯಿಯ ಅಳತೆ ತೆಗೆದರೆ ಮುಗಿಯಿತು, ಮಿಕ್ಕಿದ್ದೆಲ್ಲ ಹಿಂದಿನ ಕೋಣೆಯಲ್ಲಿ ಹಲ್ಲಕ್ಕನದೇ.

ಹೋದ ತಿಂಗಳು ಅವಳ ಸೋದರತ್ತೆ, ಆ ಕಥೆ ಹಂಚಿದವಳೇ, ಅಪ್ಪನನ್ನು ಕೈಹಿಡಿದು ಕರೆತಂದಳು. ಬಾಯಿ ಪೂರಾ ಬೋಳು. ಮಾಡಿದ್ದುಣ್ಣೋ ಮಹರಾಯ! ನನಗಂತೂ ಹಾಲು ಕುಡಿದಷ್ಟು ಸಂತೋಷ.

"ಎಷ್ಟಾದ್ರೂ ಹೆತ್ತಪ್ಪ ಕಣೇ. ಅಗಿಯೋಕಾಗದೆ ಸೊರಗಿಹೋಗಿದಾನೆ. ಹಳೇದೆಲ್ಲ ಮರೆತುಬಿಡು" ಎಂದಳು ಅತ್ತೆ.

"ಆಯ್ತು ಅತ್ತೆ, ಹಲ್ಲು ಮಾಡಿಕೊಡ್ತೀನಿ" ಎಂದಳು ಹಲ್ಲಕ್ಕ. ಮರೆಯುತ್ತೇನೆ ಎನ್ನಲಿಲ್ಲ.

ಒಳಗೆ ಹೋಗಿ ನಾನು ಅವಳ ಕಿವಿ ಊದಿದೆ. "ಒಸಡಿಗೆ ಒತ್ತೋ ಹಾಗೆ ಮಾಡೇ. ತಿಂದಾಗೆಲ್ಲ ನಿಮ್ಮಮ್ಮ ನೆನಪಾಗ್ಲಿ."

"ಥೂ, ಅವನಿಗೋಸ್ಕರ ನನ್ನ ಕೆಲಸ ಯಾಕೆ ಕೆಡಿಸ್ಲಿ? ನಿಜ ಅವನ ಬಾಯಿಂದಲೇ ಬರಬೇಕು, ಅಷ್ಟೇ."

ಸೆಟ್ಟು ಗಟ್ಟಿ ಮಾಡುವ ಮೊದಲು ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ, ಬಾಯಿಗಿಟ್ಟು, ಮಾತಾಡಿಸಿ ನೋಡಬೇಕು. ತೊದಲಿದರೆ ಆಗಲೇ ಸರಿಸಬಹುದು. ಬೇರೆಯವರಿಗೆ ಅವಳು ವಾರಗಳ ಹೆಸರು ಹೇಳಿಸುತ್ತಾಳೆ.

ಅಳತೆ ಕೊಟ್ಟು ಹೋದವರು ವಾರ ಬಿಟ್ಟು ಬಂದಾಗ, ಮೇಣದ ಸೆಟ್ಟನ್ನು ಅಪ್ಪನ ಬಾಯಿಗಿಟ್ಟು ಎದುರಿಗೆ ಕೂತಳು. ಅತ್ತೆ ಪಕ್ಕದಲ್ಲೇ ಇದ್ದಳು.

"ಹೇಳಿ. ನನ್ನ ಹೆಂಡತಿ ಬಚ್ಚಲಲ್ಲಿ ಬೀಳಲಿಲ್ಲ." ಅಪ್ಪನಿಗಲ್ಲ, ಯಾರೋ ರೋಗಿಗೆ ಹೇಳುವ ಹಾಗೆ 'ಹೇಳಿ' ಎಂದಳು.

ಮುದುಕ ಪಿಳಿಪಿಳಿ ಕಣ್ಣುಬಿಟ್ಟ. ಅತ್ತೆ ದಡಕ್ಕನೆ ಎದ್ದಳು. "ಏನೇ ಇದು?"

"ಕೂತ್ಕೊಳ್ಳಿ ಅತ್ತೆ. ಹೇಳಿದ್ರೆ ಹಲ್ಲು. ಇಲ್ಲಾಂದ್ರೆ ಬೋಳು ಬಾಯಲ್ಲೇ ಕರ್ಕೊಂಡು ಹೋಗಿ."

ಅವನು ತನ್ನ ಅಕ್ಕನ ಮುಖ ನೋಡಿದ, ಬಾಗಿಲು ನೋಡಿದ. ಹಸಿವು ಯಾರನ್ನು ಬಿಟ್ಟೀತು? "ಬೀ... ಬೀಳಲಿಲ್ಲ" ಎಂದ.

"ತೊದಲ್ತಿದೆ" ಎನ್ನುತ್ತ ಸೆಟ್ಟು ತೆಗೆದಳು. ಬಿಸಿ ಚಾಕುವಿನಿಂದ ಒಂದು ಹಲ್ಲನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಇಟ್ಟಳು. "ಪೂರ್ತಿ ಹೇಳಿ. ಬೀಗ ತಗೊಂಡು ಹೊಡೆದೆ ಅನ್ನೋದೂ ಸೇರಿಸಿ."

ಈ ಸಲ ಮಾತು ಸ್ಪಷ್ಟವಾಗಿತ್ತು. "ನನ್ನ ಹೆಂಡತಿ ಬಚ್ಚಲಲ್ಲಿ ಬೀಳಲಿಲ್ಲ. ನಾನೇ ಬೀಗ ತಗೊಂಡು ಹೊಡೆದು ಅವಳ ಹಲ್ಲು ಉದುರಿಸಿದೆ."

"ಕೇಳಿಸ್ತಾ ಅತ್ತೆ? ಇದನ್ನೂ ಮನೆಮನೆಗೆ ಹಂಚಿ."



ಸೆಟ್ಟು ಮಾತ್ರ ಚೆನ್ನಾಗಿಯೇ ಮಾಡಿಕೊಟ್ಟಳು, ಎಲ್ಲೂ ಒತ್ತುವುದಿಲ್ಲ. ಕೊಡುವಾಗ ಹೇಳಿದಳು: "ಒಸಡು ಸವೆಯುತ್ತೆ, ವರ್ಷಕ್ಕೊಂದ್ಸಲ ಬಂದು ಸರಿಮಾಡಿಸ್ಕೋಬೇಕು. ಬಂದಾಗೆಲ್ಲ ಮಾತಾಡಿಸಿ ನೋಡ್ತೀನಿ. ಇದೇ ಮಾತು."

ಅವರು ಮೆಟ್ಟಿಲಿಳಿದ ಮೇಲೆ ನಾನು ಮುದುಕನ ಹಾಗೆ ತೊದಲಿ ತೋರಿಸಿದೆ. ಹಲ್ಲಕ್ಕ ಗೊಳ್ಳೆಂದು ನಕ್ಕಳು. ನಗುತ್ತ ನಗುತ್ತ ಅತ್ತೇಬಿಟ್ಟಳು. ಕೈ ಮಾತ್ರ ಬಾಯಿಗೆ ಹೋಗಲಿಲ್ಲ.