ವರದಿಗಾರನ ಕಿವಿಯ ಪಕ್ಕದ ಬಾಲ್ಕನಿ

ನಮ್ಮ ಬೀದಿಯ ಟೈಲರಕ್ಕನಿಗೆ ಯುದ್ಧದ ಸುದ್ದಿ ಬೇಕಿರಲಿಲ್ಲ. ಬೇಕಿದ್ದದ್ದು ಟೀವಿ ವರದಿಗಾರನ ಎಡಕಿವಿಯ ಪಕ್ಕದ ಬಾಲ್ಕನಿ.

ಪರದೇಶಕ್ಕೆ ಮದುವೆಯಾಗಿ ಹೋದ ತಂಗಿಯ ಮನೆ ಅದು. ಆ ದೇಶಕ್ಕೆ ಸ್ವಾತಂತ್ರ್ಯ ಕೊಟ್ಟೇ ತೀರುತ್ತೇವೆಂದು ಪಶ್ಚಿಮದ ದೊಡ್ಡ ದೇಶಗಳು ವಿಮಾನದಲ್ಲಿ ಬಂದಿದ್ದವು. ಮೊದಲು ಕೊಟ್ಟದ್ದು ಬಾಂಬು. ಫೋನು ಸತ್ತಿತ್ತು. ಆದರೆ ವರದಿಗಾರ ದಿನಾ ಸಂಜೆ ಅದೇ ಹೋಟೆಲಿನ ತಾರಸಿಯಲ್ಲಿ ನಿಲ್ಲುತ್ತಿದ್ದ. ಅವನ ಹಿಂದಿನ ಬಾಲ್ಕನಿಯ ಹಗ್ಗದಲ್ಲಿ, ಚೂರುಬಟ್ಟೆ ಜೋಡಿಸಿ ಅಕ್ಕನೇ ಹೊಲಿದುಕೊಟ್ಟಿದ್ದ ಕೆಂಪು ಹೊದಿಕೆ ತೂಗುತ್ತಿತ್ತು.

"ಸ್ವಲ್ಪ ಆ ಕಡೆ ಸರಿಯಪ್ಪಾ," ಎನ್ನುತ್ತಿದ್ದಳು ಅಕ್ಕ, ಮಷೀನು ನಿಲ್ಲಿಸಿ.

"ಅವನು ಜೀವ ಕೈಲಿ ಹಿಡ್ಕೊಂಡು ನಿಂತಿದಾನೆ, ನೀನು ಬಸ್ಸಲ್ಲಿ ಹೇಳ್ದಂಗೆ ಹೇಳ್ತೀಯಲ್ಲೇ!" ಎನ್ನುತ್ತಿದ್ದ ಗಂಡ. ಬಸ್ಸಿನ ಕಂಡಕ್ಟರಾಗಿದ್ದವನಿಗೆ ಜನರನ್ನು ಸರಿಸುವ ಕಷ್ಟ ಗೊತ್ತಿತ್ತು.

ಸ್ಟುಡಿಯೋದಲ್ಲಿ ಕೋಟು ತೊಟ್ಟ ತಜ್ಞರು ಭೂಪಟದ ಮೇಲೆ ಬೆರಳಾಡಿಸುತ್ತಿದ್ದರು. ದಾಳಿ ನಿಖರವಂತೆ, ಗುರಿ ಖಚಿತವಂತೆ. ಅಕ್ಕನೂ ಖಚಿತವಾಗಿಯೇ ಕತ್ತರಿಸುವವಳು. ಆದರೆ ಕತ್ತರಿಸಿದ್ದನ್ನು ಆಮೇಲೆ ಹೊಲಿಯುತ್ತಿದ್ದಳು.

ವಾರ ಕಳೆದರೂ ಹೊದಿಕೆ ಅಲ್ಲೇ. ಅಕ್ಕನಿಗೆ ಅನ್ನ ಸೇರದಾಯಿತು. "ಒಗೆದದ್ದನ್ನ ಇಷ್ಟು ದಿನ ಹೊರಗೆ ಬಿಡೋಳಲ್ಲ ಅವಳು. ಒಳಗೆ ತಗೊಳೋಕೆ ಯಾರೂ ಇಲ್ವೇನೋ ರೀ."

ಮರುದಿನ ಅವಳೇ ಕಂಡುಹಿಡಿದಳು. ಹೊದಿಕೆಯ ಎಡ ಅಂಚು ಗಾಳಿಗೆ ನಿನ್ನೆಯ ಹಾಗೆಯೇ ಮಡಚಿಕೊಂಡಿತು; ಅದೇ ಹಕ್ಕಿ ಅದೇ ಕಂಬಿಯ ಮೇಲೆ ಕೂತು, ಅದೇ ಹೊತ್ತಿಗೆ ಹಾರಿತು.

"ಹಳೇ ಚಿತ್ರ ಕಣೇ," ಎಂದ ಗಂಡ ಮೆಲ್ಲಗೆ. "ಮೊದಲ ದಿನ ತೆಗೆದದ್ದನ್ನೇ ಅವನ ಬೆನ್ನ ಹಿಂದೆ ತಿರುಗಿಸಿ ತಿರುಗಿಸಿ ಹಾಕ್ತಿದಾರೆ. ಅವನು ಒಳಗೆಲ್ಲೋ ನಿಂತಿರ್ತಾನೆ."

"ಹಾಗಾದ್ರೆ ನಾನು ಇಷ್ಟು ದಿನ ನೋಡಿದ್ದು?"

ಅವನು ಟೀವಿಯ ಸದ್ದು ತಗ್ಗಿಸಿದ.

ಕೆಲವು ದಿನಗಳ ಬಳಿಕ ದೊಡ್ಡ ದೇಶದ ನಾಯಕರು ಕೆಲಸ ಮುಗಿಯಿತೆಂದು ಘೋಷಿಸಿದರು. ಮುಗಿದದ್ದು ಯಾರದ್ದೆಂದು ಯಾರೂ ಕೇಳಲಿಲ್ಲ. ಗಂಟುಮೂಟೆ ಕಟ್ಟಿದ ವರದಿಗಾರ ಅಂದು ಮಾತ್ರ ತಾರಸಿಯಿಂದ ನೇರಪ್ರಸಾರದಲ್ಲಿ ವಿದಾಯ ಹೇಳಿದ. ಪಕ್ಕದ ಕಟ್ಟಡ ಅರ್ಧ ಕುಸಿದಿತ್ತು. ಆ ಬಾಲ್ಕನಿ ಇತ್ತು. ಹಗ್ಗವಿತ್ತು. ಹೊದಿಕೆ ಇರಲಿಲ್ಲ.

ಗಂಡ ಹೆಂಡತಿಯ ಮುಖ ನೋಡಿದ.

"ತೆಗೆದಿದಾಳೆ," ಎಂದಳು ಅಕ್ಕ. "ಯಾರೋ ಒಳಗೆ ತಗೊಂಡಿದಾರಲ್ಲ ರೀ?"

ಗಾಳಿಯೂ ತೆಗೆಯಬಹುದು ಎಂಬ ಮಾತು ಅವನ ನಾಲಗೆಯ ತುದಿಯವರೆಗೂ ಬಂದಿತ್ತು. "ಹೂಂ ಕಣೇ," ಎಂದ. "ನಿನ್ನ ತಂಗಿಯಲ್ವಾ. ಒಣಗಿದ್ದನ್ನ ಬಿಡ್ತಾಳಾ?"

ಫೋನು ಮಾತ್ರ ಇನ್ನೂ ಸತ್ತೇ ಇತ್ತು. ಮರುದಿನ ಅದೇ ಹೊತ್ತಿಗೆ, ಅದೇ ಚಾನೆಲ್ಲಿನಲ್ಲಿ ಯಾವಳೋ ಸಿನಿಮಾ ನಟಿಯ ಮದುವೆ. ಗಂಡ ಟೀವಿ ಆರಿಸಲು ಎದ್ದ.

"ಇರಲಿ ಬಿಡಿ," ಎಂದಳು ಅಕ್ಕ. ಸೂಜಿಗೆ ದಾರ ಪೋಣಿಸುತ್ತಾ ಬಾಲ್ಕನಿ ಕಾಣುತ್ತಿದ್ದ ಪರದೆಯ ಬಲಮೂಲೆಯನ್ನೇ ನೋಡಿದಳು. ಮದುಮಗಳು ಅಲ್ಲೇ ನಿಂತು ನಗುತ್ತಿದ್ದಳು.

"ಸ್ವಲ್ಪ ಆ ಕಡೆ ಸರಿಯಮ್ಮಾ," ಎಂದಳು.