ಟಾರು ರಸ್ತೆಯ ಮನೆಗೆ ಫೋರ್ ವೀಲ್

ಕಾಲವಲ್ಲದ ಮಳೆಗೆ ಹೆಗ್ಗದ್ದೆ ಊರಿನ ಮಣ್ಣಿನ ಏರು ರಸ್ತೆ ಕೆಸರಾಗಿತ್ತು. ನಾನು ಲಿಫ್ಟ್ ಕೇಳಿ ಹತ್ತಿದ್ದ ಪಿಕಪ್ ಅರ್ಧದಲ್ಲೇ ಸಿಕ್ಕಿಕೊಂಡಿತು. ಹಿಂದೆ ಕಾಫಿ ಮೂಟೆಗಳು, ಪಕ್ಕದಲ್ಲಿ ಕಡಿದಾದ ಇಳಿಜಾರು. ಓಡಿಸುತ್ತಿದ್ದ ಸಣ್ಣ ಬೆಳೆಗಾರ ಮಂಜಣ್ಣ ಉದ್ದಕ್ಕೆ ಹಾರನ್ ಒತ್ತಿದರು.

"ಎಂಜಿನ್ ನಾಲ್ಕೂ ಚಕ್ರ ತಿರುಗಿಸೋ ಫೋರ್ ವೀಲ್ ಗಾಡೀನೇ ತಗೋಬಹುದಿತ್ತಲ್ಲ?" ಎಂದೆ.

"ಮೇಲಿನ ಮನೆ ಗಿರಿಜಕ್ಕಂದು ಐತಲ್ಲ ಕಣ್ರೀ," ಎಂದರು, ತಮ್ಮದೇ ಗಾಡಿ ಎಂಬಂತೆ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಇನ್ನೊಂದು ಪಿಕಪ್ ಹಿಮ್ಮುಖವಾಗಿ ಇಳಿದು ಬಂತು. ಸ್ವೆಟರ್ ತೊಟ್ಟ ಹೆಂಗಸೊಬ್ಬರು ಇಳಿದು, ಸರಪಳಿ ಬಿಗಿದು, ನಮ್ಮನ್ನು ಟಾರು ರಸ್ತೆಯವರೆಗೆ ಎಳೆದು ನಿಲ್ಲಿಸಿದರು. ಆ ರಸ್ತೆಗೆ ಅಂಟಿಕೊಂಡೇ ಅವರ ಮನೆ, ಅವರ ತೋಟ. ಕೆಸರಿಗೆ ಇಳಿಯುವ ಅಗತ್ಯವೇ ಇಲ್ಲದ ನಿಮಗೆ ಈ ಗಾಡಿ ಯಾಕೆ ಎಂದು ಕೇಳಿಯೇಬಿಟ್ಟೆ.

ಗಿರಿಜಕ್ಕ ಸರಪಳಿಯ ಕೆಸರು ಒರೆಸುತ್ತ ಹೇಳಿದರು: "ನಂಗೆ ಎರಡು ಚಕ್ರ ತಿರುಗಿದ್ರೆ ಸಾಕು ಮಾರಾಯ್ರೆ. ಇನ್ನೆರಡು ಏರಿನ ಕೆಳಗಿರೋ ಇವ್ರಿಗೆಲ್ಲ."